ಮನೆಬಾಗಿಲ ಅಂಗಡಿ, ಮನೆಯೊಳಗಿನ ಶಾಲೆ

ಹೊಸ ಪುಸ್ತಕ ಬಂದರೆ ಅದರ ಗುಣದೋಷಗಳನ್ನು ಹೇಳುವುದು ಈ ಪುಟಗಳ ವಾಡಿಕೆ. ಈ ಸಲ ಪುಸ್ತಕವನ್ನು ಬದಿಗಿಟ್ಟು, ಪುಸ್ತಕ ನಮ್ಮ ಮನೆಗೆ ಬರುವ ದಾರಿಯನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಧನಕವಡಿಯಂಥ ಬಡಾವಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಕ್ಕೆ ಇಂದು ಕನ್ನಡದ ಪುಸ್ತಕವೂ ಕನ್ನಡದ ಪಾಠವೂ ಅಂಗೈಯಗಲದ ಮೊಬೈಲೆಂಬ ಒಂದೇ ಕಿಂಡಿಯಿಂದ ಒಳಗೆ ಬರುತ್ತವೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಕಾಯಿಗಳೂ ಅದೇ ಕಿಂಡಿಯಿಂದ ಬರುತ್ತವೆಯೆನ್ನಿ; ಅವುಗಳ ಯೋಗ್ಯತೆಯನ್ನು ನಾಲಿಗೆಯೇ ತೀರ್ಮಾನಿಸುವುದರಿಂದ ವಿಮರ್ಶಕನಿಗೆ ಅಲ್ಲಿ ಕೆಲಸವಿಲ್ಲ.

ಮನೆಯಲ್ಲಿ ಕುಳಿತು ಪುಸ್ತಕ ತರಿಸುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. ಪುಣೆಯ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮನೆಬಾಗಿಲಲ್ಲಿ ಮಾರಿದರು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದ ಮೇಲೆಯೇ ನಿಂತಿತು. ವರ್ಷದ ವರ್ಗಣಿ ಕಟ್ಟಿದವನಿಗೆ ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು. ಯಾವ ಪುಸ್ತಕವೆಂಬುದನ್ನು ಆರಿಸುವ ಭಾರ ಪ್ರಕಾಶಕರದು. ಇನ್ನು ವಿ.ಪಿ.ಪಿ.ಯಂತೂ 1877ರಷ್ಟು ಹಳೆಯದು. ಅಂಚೆಯವನು ಕಟ್ಟನ್ನು ಕೊಟ್ಟು ಹಣ ಎಣಿಸಿಕೊಳ್ಳುತ್ತಿದ್ದ. ಇಂದಿನ ‘ಕ್ಯಾಶ್ ಆನ್ ಡೆಲಿವರಿ’ಯ ಅಜ್ಜನೆಂದರೆ ಅದೇ. ಮನೆಯಲ್ಲಿ ಕುಳಿತು ಓದಿ ಪದವಿ ಪಡೆಯುವುದಕ್ಕೂ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ತೆರಪಿನ ಶಿಕ್ಷಣವನ್ನು ತೆರೆದಿತ್ತು. ಅದೇ ಮುಂದೆ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಆದ್ದರಿಂದ ಮೊಬೈಲು ತಂದ ಸೌಕರ್ಯವನ್ನು ಅದ್ಭುತವೆಂದು ಹೊಗಳುವ ಅಗತ್ಯವೂ ಇಲ್ಲ, ಕಲಿಕಾಲದ ಚಿಹ್ನೆಯೆಂದು ನಿಟ್ಟುಸಿರು ಬಿಡುವ ಅಗತ್ಯವೂ ಇಲ್ಲ. ಹಳೆಯ ದಾರಿಗೆ ಹೋಲಿಸಿ ಇದು ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಎಂದು ನೋಡಿದರೆ ಸಾಕು.

ಕೊಡುವುದನ್ನು ಮೊದಲು ಹೇಳೋಣ. ಪುಣೆಯ ಪುಸ್ತಕಪೇಟೆಯೆಂದರೆ ಅಪ್ಪಾ ಬಳವಂತ ಚೌಕ. ಅಲ್ಲಿ ಮರಾಠಿ ಪುಸ್ತಕಕ್ಕೆ ಕೊರತೆಯಿಲ್ಲ. ಕನ್ನಡ ಪುಸ್ತಕ ಕೇಳಿದರೆ ಅಂಗಡಿಯವರು ನಗುತ್ತ ತಲೆಯಾಡಿಸುತ್ತಾರೆ. ಹಿಂದೆ ನಮ್ಮವರು ರಜೆಗೆ ಊರಿಗೆ ಹೋದಾಗ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಕೊಂಡ ನಾಲ್ಕು ಪುಸ್ತಕಗಳನ್ನು ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ತುರುಕಿಕೊಂಡು ಸ್ವಾರಗೇಟಿಗೆ ಬಂದಿಳಿಯುತ್ತಿದ್ದರು. ವರ್ಷದ ಓದು ಅಷ್ಟಕ್ಕೇ ಮುಗಿಯುತ್ತಿತ್ತು. ಇಂದು ಬೆಂಗಳೂರಿನ ದೊಡ್ಡ ಅಂಗಡಿಗಳೂ ಹಲವು ಸಣ್ಣ ಪ್ರಕಾಶಕರೂ ಬೇಡಿಕೆ ಬಂದೊಡನೆ ಕಟ್ಟಿ ಕಳಿಸುತ್ತಾರೆ. 2020ರಲ್ಲಿ ಬಂದ ಮೈಲ್ಯಾಂಗ್ ಕನ್ನಡದ ಇ-ಪುಸ್ತಕಗಳನ್ನೂ ಕೇಳುಪುಸ್ತಕಗಳನ್ನೂ ಒಂದೇ ಕಡೆ ಸಿಗುವಂತೆ ಮಾಡಿತು. ಕೇಳುಪುಸ್ತಕದ ಬಗ್ಗೆ ನಮಗೆ ಮೊದಲು ಅಷ್ಟೇನೂ ಉತ್ಸಾಹವಿರಲಿಲ್ಲವಾದರೂ, ಕಣ್ಣು ಮಂಜಾದ ಹಿರಿಯರಿಗೂ, ಕನ್ನಡ ಮಾತು ತಿಳಿದು ಲಿಪಿ ತಿಳಿಯದ ಮರಾಠಿ ಮನೆಯ ಸೊಸೆಯಂದಿರಿಗೂ ಅದು ಆಗಿಬಂದದ್ದನ್ನು ಕಂಡಮೇಲೆ ಒಳ್ಳೆಯ ಮಾತು ಹೇಳದೆ ವಿಧಿಯಿಲ್ಲ.

ನಿಘಂಟಿನ ಮಾತೂ ಹಾಗೆಯೇ. ವಿ. ಕೃಷ್ಣ ಎಂಬವರು ನಾಲ್ಕು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಎಲ್ಲರಿಗೂ ಉಚಿತವಾಗಿ ಜಾಲಕ್ಕೆ ಬಂತು. ಅದರಲ್ಲಿ ಒಂದೂವರೆ ಲಕ್ಷ ಪದಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಆರಂಭಿಸಿದ ‘ಭಾರತವಾಣಿ’ಯಲ್ಲಿ ಇನ್ನೂ ಹಲವು ಕೋಶಗಳು ಸಿಗುತ್ತವೆ. ಇಷ್ಟನ್ನು ಮನೆಯಲ್ಲಿಟ್ಟುಕೊಳ್ಳಲು ಹೊರಟರೆ ಎರಡು ಕೋಣೆಗಳ ನಮ್ಮ ಬಿಡಾರಗಳಲ್ಲಿ ಮನುಷ್ಯರು ಹೊರಗೆ ಮಲಗಬೇಕಾದೀತು.

ಇನ್ನು ಕೊರತೆಗಳು. ದೊಡ್ಡ ಜಾಲದಂಗಡಿಗಳಲ್ಲಿ ಕನ್ನಡ ಪುಸ್ತಕ ಹುಡುಕುವುದು ಒಂದು ತಪಸ್ಸು. ಪುಸ್ತಕದ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಅಂಗಡಿ ಎಷ್ಟೋ ಸಲ ಮೌನ ತಾಳುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಣವೆಂದರೆ ಕಾಗುಣಿತಕ್ಕೆ ಗೊತ್ತುಗುರಿಯಿಲ್ಲ. ತೇಜಸ್ವಿಯವರ ‘ಕರ್ವಾಲೊ’ವನ್ನು ಒಬ್ಬರು ‘ಕೆ’ ಅಕ್ಷರದಿಂದ ಬರೆದರೆ ಇನ್ನೊಬ್ಬರು ‘ಸಿ’ಯಿಂದ ಬರೆಯುತ್ತಾರೆ, ಒಂದು ಕಡೆ ‘ದಾಸ್ತಾನಿಲ್ಲ’ ಎಂದು ಕಂಡ ಪುಸ್ತಕ ಇನ್ನೊಂದು ಕಾಗುಣಿತದಲ್ಲಿ ಸಿಕ್ಕೀತು. ಪೇಟೆಯ ಅಂಗಡಿಯವನಾಗಿದ್ದರೆ ಹೆಸರು ಅರ್ಧ ಮರೆತಿದ್ದರೂ ‘ಹಾರುವ ಓತಿಯ ಕಥೆಯೇ?’ ಎಂದು ಕೇಳಿ ಎತ್ತಿಕೊಡುತ್ತಿದ್ದ.

ಇದು ಕೇವಲ ಅಂಗಡಿಯ ಔದಾಸೀನ್ಯವೆಂದು ನಾವು ಹೇಳಲಾರೆವು. ಕನ್ನಡ ಪ್ರಕಾಶಕರು ಬಹುಕಾಲ ಅಕ್ಷರ ಜೋಡಿಸಿದ್ದು ನುಡಿ, ಬರಹಗಳ ಹಳೆಯ ಸಂಕೇತಗಳಲ್ಲಿ. ಹಾಗೆ ಕೂಡಿಸಿದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸದೆ ಜಾಲಕ್ಕೆ ಒಯ್ದರೆ ಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಅದನ್ನು ಹುಡುಕಲೂ ಬಾರದು, ಹೊಸ ಸಾಧನದಲ್ಲಿ ಓದಲೂ ಬಾರದು. 2016ರ ಡಿಸೆಂಬರಿನಲ್ಲಿ ಅಮೆಜಾನಿನ ಕಿಂಡಲ್ ಭಾರತದ ಐದು ಭಾಷೆಗಳಿಗೆ ಬಾಗಿಲು ತೆರೆದಾಗ ಒಳಗೆ ಹೋದದ್ದು ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳ. ಕನ್ನಡ ಹೊರಗೇ ನಿಂತಿತು. ಪಕ್ಕದ ಬ್ಲಾಕಿನ ಮರಾಠಿ ನೆರೆಯವರು ಆ ಸಾಧನದಲ್ಲಿ ತಮ್ಮ ಭಾಷೆಯ ಕಾದಂಬರಿ ಓದುತ್ತಿದ್ದಾಗ ನಮ್ಮ ಹುಡುಗರು ಅದೇ ಸಾಧನದಲ್ಲಿ ಇಂಗ್ಲಿಷ್ ಓದಿದರು. ವಿಚಿತ್ರವೆಂದರೆ ಈ ವ್ಯಾಪಾರದ ಹೆದ್ದಾರಿಯೊಂದು ಹೊರಟದ್ದೇ ನಮ್ಮ ನಾಡಿನಿಂದ. 2007ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದೂ ಪುಸ್ತಕವನ್ನೇ, ಆದರೆ ಇಂಗ್ಲಿಷ್ ಪುಸ್ತಕವನ್ನು.

ಅಂಚೆವೆಚ್ಚದ ಮಾತನ್ನು ಬಿಡುವಂತಿಲ್ಲ. ಪುಸ್ತಕಗಳನ್ನು ಅಗ್ಗವಾಗಿ ಒಯ್ಯುತ್ತಿದ್ದ ನೋಂದಾಯಿತ ಪುಸ್ತಕದಂಚೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು. ಅದು ಆರಂಭವಾದಾಗಿನ ದರ 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಆದರೆ ನಿಯತಕಾಲಿಕಗಳಿಗೆ ಅದರಲ್ಲಿ ಅವಕಾಶವಿಲ್ಲ. ಇಂಥ ಮಾಸಪತ್ರಿಕೆಗಳನ್ನು ಜ್ಞಾನದ ಪಟ್ಟಿಯಿಂದ ಇಲಾಖೆ ಹೊರಗಿಟ್ಟಿದೆಯೆಂದು ಓದುಗರು ಬೇಸರಿಸಬಾರದು. ರಿಯಾಯಿತಿ ಇಲ್ಲದೆ ಪುಸ್ತಕ ಕೊಳ್ಳೆವೆಂಬ ನಮ್ಮವರ ಹಟವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಒಳಪುಟದಲ್ಲಿ ‘ಪ್ರತಿಗಳು: 1000’ ಎಂದು ಅಚ್ಚಾದ ಪುಸ್ತಕಕ್ಕೆ, ಲಕ್ಷಗಟ್ಟಲೆ ಮಾರುವ ಸಾಬೂನಿನ ರಿಯಾಯಿತಿ ಕೇಳುವುದು ಯಾವ ನ್ಯಾಯ?

ಕೊಳ್ಳುವ ಮಾತಿಗಿಂತ ಕಲಿಯುವ ಮಾತು ಗಂಭೀರವಾದದ್ದು. ಧನಕವಡಿ, ಬಾಲಾಜಿನಗರ, ಕಾತ್ರಜ್‌ಗಳಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಮರಾಠಿಯನ್ನೂ ಹಿಂದಿಯನ್ನೂ ಕಲಿಯುತ್ತಾರೆ. ಕನ್ನಡ ಮಾಧ್ಯಮದ ಶಾಲೆ ಪುಣೆಯಲ್ಲಿ ಇದೆ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದ್ದು. ಆದರೆ ನಗರದ ದಕ್ಷಿಣ ತುದಿಯಿಂದ ಚಿಕ್ಕ ಮಗುವನ್ನು ಅಲ್ಲಿಗೆ ನಿತ್ಯ ಕಳಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಆದುದರಿಂದ ಕನ್ನಡವೆಂಬುದು ಮನೆಯಲ್ಲಿ ಕೇಳಿಸಿಕೊಳ್ಳುವ, ಓದಲು ಬಾರದ ಭಾಷೆಯಾಗಿ ಉಳಿಯುತ್ತದೆ. ಕಟ್ಟು ತಂದುಕೊಟ್ಟ ವಿಜಾಪುರ ಸೀಮೆಯ ಹುಡುಗ ಹೊಸ್ತಿಲಲ್ಲಿ ನಿಂತು ‘ನೀರು ಕೊಡ್ರಿ’ ಎಂದರೆ, ಒಳಗಿನ ಮಗು ತಿಳಿದೂ ಮರಾಠಿಯಲ್ಲಿ ಉತ್ತರ ಕೊಡುತ್ತದೆ. 2020ರ ಮಾರ್ಚಿನಲ್ಲಿ ದೇಶವೆಲ್ಲ ಬಾಗಿಲು ಹಾಕಿದಾಗ ತೆರೆಯ ಮೇಲಿನ ಕನ್ನಡ ತರಗತಿಗಳು ಹಬ್ಬಿದ್ದು ಇಂಥ ಮನೆಗಳಿಗೆ ಆಸೆ ಹುಟ್ಟಿಸಿತು. ದುಬೈಯಲ್ಲಿ ಕನ್ನಡ ಮಿತ್ರರು 2014ರಿಂದ ನಡೆಸಿದ ಉಚಿತ ಪಾಠಶಾಲೆಯಂಥ ಉದ್ಯಮಗಳ ಸುದ್ದಿ ಕೇಳಿ ನಾವೂ ಹಿಗ್ಗಿದವರೇ.

ಆ ಆಸೆ ಎಷ್ಟರಮಟ್ಟಿಗೆ ಕೈಗೂಡಿತು? ನಾವು ಕಂಡ ಮಟ್ಟಿಗೆ, ಅಜ್ಜಿಯೋ ತಾತನೋ ಮಗುವಿನ ಪಕ್ಕದಲ್ಲಿ ಕುಳಿತ ಮನೆಗಳಲ್ಲಿ ಅಕ್ಷರ ನಿಂತಿತು. ಶುಲ್ಕ ಕಟ್ಟಿ, ಮೊಬೈಲನ್ನು ಮಗುವಿನ ಮುಂದೆ ಒರಗಿಸಿ, ದೊಡ್ಡವರು ಬೇರೆ ಕೆಲಸಕ್ಕೆ ಹೋದ ಮನೆಗಳಲ್ಲಿ ಅದು ನಿಲ್ಲಲಿಲ್ಲ. ರೊಟ್ಟಿಯ ಕಟ್ಟು ಬಂದಂತೆ ಕನ್ನಡವೂ ಬಂದು ಬಿಡುತ್ತದೆಂದು ನಂಬಿದ್ದು ನಮ್ಮವರ ಭ್ರಮೆ. ಆದರೆ ಪೂರ್ತಿ ದೋಷವನ್ನು ತಂದೆತಾಯಿಗಳ ತಲೆಗೆ ಕಟ್ಟುವುದು ಸುಲಭದ ವಿಮರ್ಶೆಯಾದೀತು. ಪಾಠಗಳಲ್ಲಿಯೇ ಒಂದು ದೊಡ್ಡ ದೋಷವಿದೆ. ಅದನ್ನು ಯಾರೂ ಹೇಳಿದ್ದು ನಮ್ಮ ಕಿವಿಗೆ ಬಿದ್ದಿಲ್ಲ.

ನಮ್ಮ ಮನೆಗಳಿಗೆ ಬರುವ ಬಹುಪಾಲು ಕನ್ನಡ ಪಾಠಗಳು ಇಂಗ್ಲಿಷನ್ನು ಸೇತುವೆ ಮಾಡಿಕೊಂಡಿವೆ. ಬೆಂಗಳೂರಿಗೆ ಉದ್ಯೋಗಕ್ಕೆ ಬಂದ ಅನ್ಯಭಾಷಿಕರನ್ನೋ ಅಮೆರಿಕದಲ್ಲಿ ಹುಟ್ಟಿದ ಮಕ್ಕಳನ್ನೋ ಮನಸ್ಸಿನಲ್ಲಿಟ್ಟು ಮಾಡಿದಂಥವು. ‘ಅ’ ಎಂದರೆ ಇಂಗ್ಲಿಷಿನ ಇಂಥ ಶಬ್ದದ ಮೊದಲ ಧ್ವನಿ ಎಂದು ಅವು ಆರಂಭಿಸುತ್ತವೆ. ಧನಕವಡಿಯ ಮಗುವಿಗೆ ಆ ಸುತ್ತುದಾರಿ ಏಕೆ? ಒಂದನೆಯ ತರಗತಿಯಿಂದ ಮರಾಠಿ ಓದಿದ ಮಗು ಅ ಆ ಇ ಈ, ಕ ಖ ಗ ಘಗಳ ವರ್ಣಮಾಲೆಯನ್ನು ಆಗಲೇ ಬಲ್ಲದು. ಕಾಗುಣಿತವೆಂದರೇನೆಂದು ಅದಕ್ಕೆ ಗೊತ್ತು. ಹಿಂದಿಯವರಿಗೆ ಕಷ್ಟವೆನಿಸುವ ‘ಳ’ಕಾರ ಮರಾಠಿಯಲ್ಲಿ ನಿತ್ಯದ ಅಕ್ಷರ. ಆಕಾರ ಮಾತ್ರ ಹೊಸದು.

ಇಂಥ ಮಗು ನಿಜವಾಗಿ ಎಡವುವುದು ಬೇರೆ ಜಾಗದಲ್ಲಿ. ಮರಾಠಿ ಬರಹದಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಬೇರೆ ಅಕ್ಷರವಿಲ್ಲ. ಆದ್ದರಿಂದ ನಮ್ಮ ಮಕ್ಕಳು ‘ಬೆಳೆ’ಯನ್ನು ‘ಬೇಳೆ’ ಎಂದೂ, ‘ಕೊಡು’ವನ್ನು ‘ಕೋಡು’ ಎಂದೂ ಬರೆಯುತ್ತಾರೆ. ಕಾತ್ರಜ್‌ನ ಕೆರೆಯನ್ನು ‘ಕೇರೆ’ ಎಂದು ಬರೆದರೆ ಅದು ಹಾವಾಗುತ್ತದೆ. ಅಲ್ಲಿ ಹಾವುಗಳ ಉದ್ಯಾನವೂ ಇರುವುದರಿಂದ ಅರ್ಥ ಕೆಡಲಿಲ್ಲವೆಂದು ಸಮಾಧಾನ ಪಡಬೇಕಷ್ಟೆ! ಎರಡನೆಯ ಎಡವು ಒತ್ತಕ್ಷರದ್ದು. ದೇವನಾಗರಿಯಲ್ಲಿ ಮೊದಲಿನ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಮೊದಲಿನದು ಪೂರ್ತಿಯಾಗಿ ನಿಂತು ಎರಡನೆಯದು ಕೆಳಗಿಳಿಯುತ್ತದೆ. ಅರ್ಕಾವೊತ್ತಿನ ಕಥೆ ಇನ್ನೂ ಬೇರೆ. ಮರಾಠಿಯಲ್ಲಿ ತಲೆಯ ಮೇಲೆ ಕೂರುವ ರಕಾರ ಕನ್ನಡದಲ್ಲಿ ಬಲಗಡೆಗೆ ಸರಿಯುತ್ತದೆ. ಇಂಗ್ಲಿಷ್ ಸೇತುವೆಯ ಪಾಠಗಳು ಮಗುವಿಗೆ ಗೊತ್ತಿದ್ದುದನ್ನು ತಿಂಗಳುಗಟ್ಟಲೆ ಹೇಳಿ, ಈ ಎಡವುಗಳ ಹತ್ತಿರ ಬಂದಾಗ ಓಡುತ್ತವೆ. ಮಗುವಿಗೆ ಮೊದಲು ಬೇಸರ, ಆಮೇಲೆ ದಿಗಿಲು. ಜಾಲದಂಗಡಿಗೆ ನಮ್ಮ 411043 ಎಂಬ ಪಿನ್‌ಕೋಡು ಬಾಯಿಪಾಠ. ನಮ್ಮ ಮಗು ಯಾವ ಅಕ್ಷರ ಬಲ್ಲದೆಂಬುದು ಪಾಠ ಮಾರುವವನಿಗೆ ತಿಳಿಯದು.

ಸಾಮಗ್ರಿ ಇಲ್ಲವೆಂದಲ್ಲ. ಸೇನಾಪತಿ ಬಾಪಟ ರಸ್ತೆಯಲ್ಲಿ, ನಮ್ಮ ಊರಿನಲ್ಲಿಯೇ, 1967ರಲ್ಲಿ ಸ್ಥಾಪನೆಯಾದ ‘ಬಾಲಭಾರತಿ’ಯು ಸೊಲ್ಲಾಪುರ, ಸಾಂಗಲಿ ಕಡೆಯ ಕನ್ನಡ ಶಾಲೆಗಳಿಗಾಗಿ ಕನ್ನಡ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಅವುಗಳನ್ನು ಅದರ ಜಾಲತಾಣದಿಂದ ಒಂದು ಪೈಸೆ ಕೊಡದೆ ಇಳಿಸಿಕೊಳ್ಳಬಹುದು. ಮರಾಠಿ ಸೀಮೆಯ ಮಗುವಿನ ಹಬ್ಬ, ಊರು, ಹವೆ ತಿಳಿದು ಬರೆದ ಕನ್ನಡ ಪುಸ್ತಕ ಬೇಕೆಂದರೆ ನಮಗೆ ಇವಕ್ಕಿಂತ ಹತ್ತಿರದವು ಇಲ್ಲ. ಹಣ ಕೊಟ್ಟು ದೂರದಿಂದ ಪಾಠ ತರಿಸುವ ಎಷ್ಟೋ ಮನೆಗಳಿಗೆ ಇದರ ಸುಳಿವೇ ಇಲ್ಲ. ಆದರೆ ಅವು ಕನ್ನಡ ಮಾಧ್ಯಮದ ಮಕ್ಕಳಿಗೆಂದು ಬರೆದವು. ಅಲ್ಲಿಗೆ ಮುಟ್ಟಲು ನಮ್ಮ ಮಕ್ಕಳಿಗೆ ಮೊದಲೊಂದು ಮೆಟ್ಟಿಲು ಬೇಕು.

ಆ ಮೆಟ್ಟಿಲು ದೊಡ್ಡದೂ ಅಲ್ಲ. ಎಡಗಡೆ ದೇವನಾಗರಿ, ಬಲಗಡೆ ಕನ್ನಡ ಅಕ್ಷರವಿಟ್ಟು ವರ್ಣಮಾಲೆಗೆ ನಾಲ್ಕು ಪುಟ; ಎ-ಏ, ಒ-ಓಗಳಿಗೆ ಜೋಡಿಪದಗಳ ಎರಡು ಪುಟ; ಒತ್ತಕ್ಷರಕ್ಕೆ ಆರು; ಅರ್ಕಾವೊತ್ತಿಗೆ ಒಂದು. ಪುಟದ ಅಡಿಯಲ್ಲಿ, ಮಗುವಿನ ಪಕ್ಕದಲ್ಲಿ ಕುಳಿತವರು ಅಂದು ಗಟ್ಟಿಯಾಗಿ ಕೇಳಬೇಕಾದ ಮೂರು ಪ್ರಶ್ನೆಗಳು. ಹದಿಮೂರು ಪುಟಗಳ ಈ ಪುಸ್ತಿಕೆಯನ್ನು ಮೊಬೈಲಿನಲ್ಲಿ ಕಳಿಸಿದರೂ ಆದೀತು, ಅಚ್ಚು ಹಾಕಿಸಿದರೂ ಆದೀತು. ಕನ್ನಡ ಮಾಧ್ಯಮದಲ್ಲಿ ಕಲಿಸಿ ನಿವೃತ್ತರಾದ ಶಿಕ್ಷಕ-ಶಿಕ್ಷಕಿಯರು ನಮ್ಮ ಸದಸ್ಯರಲ್ಲಿಯೇ ಇದ್ದಾರೆ. ಅವರಲ್ಲಿ ಯಾರಾದರೂ ಬರೆದುಕೊಟ್ಟರೆ ಈ ಪುಟಗಳಲ್ಲಿ ಅದಕ್ಕೆ ಜಾಗ ಬಿಡಲು ನಾವು ಸಿದ್ಧರಿದ್ದೇವೆ. ಜೋಡಿಪದಗಳ ಪಟ್ಟಿಗೆ ‘ಕೆರೆ’ ಮತ್ತು ‘ಕೇರೆ’ ನಮ್ಮ ಕಾಣಿಕೆ.