ಐರ್ಲೆಂಡಿನ ಯುದ್ಧಗಳೂ ಸಾಹಿತ್ಯದ ಸ್ತ್ರೀಪರ್ವವೂ

ಯುದ್ಧದ ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಇತಿಹಾಸಕಾರನಿಗೂ ಕವಿಗೂ ಸಮಾನವಾಗಿ ಎದುರಾಗುತ್ತದೆ. ಗೆದ್ದವರು ಯಾರು, ಸೋತವರು ಯಾರು, ಒಪ್ಪಂದದ ಷರತ್ತುಗಳೇನು ಎಂದು ಹೇಳಿದರೆ ಕೆಲಸ ಮುಗಿಯಿತೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಭಗವಾನ್ ವ್ಯಾಸರು ಹಾಗೆ ಭಾವಿಸಲಿಲ್ಲ. ಹದಿನೆಂಟು ದಿನಗಳ ಯುದ್ಧ ಮುಗಿದ ಮೇಲೆ ಗಾಂಧಾರಿಯನ್ನೂ ಅವಳ ಸೊಸೆಯರನ್ನೂ ರಣಭೂಮಿಗೆ ಕರೆತಂದು, ಸತ್ತವರ ನಡುವೆ ನಡೆಸಿ, ಸ್ತ್ರೀಪರ್ವವನ್ನು ರಚಿಸಿದರು. ಶಾಂತಿಪರ್ವ ಅದರ ಅನಂತರ ಬರುತ್ತದೆ. ಸೋತ ಪಕ್ಷದ ದುರ್ಯೋಧನನಿಗೂ ಗೆದ್ದ ಪಕ್ಷದ ಅಭಿಮನ್ಯುವಿಗೂ ಆ ಪರ್ವದಲ್ಲಿ ಕಣ್ಣೀರು ಉಂಟು. ಈ ಕ್ರಮವನ್ನು ಅಳತೆಗೋಲಾಗಿ ಇಟ್ಟುಕೊಂಡು ಐರ್ಲೆಂಡಿನ ಯುದ್ಧಗಳನ್ನು ಕುರಿತ ಕೆಲವು ಕೃತಿಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಐರ್ಲೆಂಡನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಆ ಸಣ್ಣ ದ್ವೀಪದಲ್ಲಿ ಹದಿನಾರನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದವರೆಗೆ ಯುದ್ಧವನ್ನು ಕಾಣದ ತಲೆಮಾರುಗಳು ಕಡಮೆ. ಅಲ್ಲಿಯ ಜನಪ್ರಿಯ ಇತಿಹಾಸ ಈ ಎಲ್ಲ ಯುದ್ಧಗಳನ್ನೂ ಒಂದೇ ಸರಪಳಿಯ ಕೊಂಡಿಗಳೆಂಬಂತೆ ಹೇಳಿಕೊಂಡು ಬಂದಿದೆ. ವಾಸ್ತವವಾಗಿ ಒಂದೊಂದು ಯುದ್ಧದ ಸ್ವರೂಪವೂ ಬೇರೆ. 1601ರಲ್ಲಿ ಹೋರಾಡಿದವರು ಸ್ಪೇನಿನ ಅರಸನ ನೆರವನ್ನು ನಂಬಿದ ಗೇಲಿಕ್ ಪಾಳೆಯಗಾರರು. 1690ರಲ್ಲಿ ಬಾಯ್ನ್ ನದಿಯ ದಡದಲ್ಲಿ ಎದುರಾದವರು ಇಂಗ್ಲೆಂಡಿನ ಒಂದೇ ಸಿಂಹಾಸನವನ್ನು ಬಯಸಿದ ಇಬ್ಬರು ರಾಜರು, ಜೇಮ್ಸ್ ಮತ್ತು ವಿಲಿಯಂ. 1798ರಲ್ಲಿ ಬಂಡೆದ್ದವರಲ್ಲಿ ಫ್ರೆಂಚ್ ಕ್ರಾಂತಿಯನ್ನು ಮೆಚ್ಚಿದ ಪ್ರಾಟೆಸ್ಟಂಟರೂ ಇದ್ದರು. ಇಂತಹ ಭೇದಗಳನ್ನು ಅಳಿಸಿ ಸರಪಳಿಯನ್ನು ಬೆಸೆಯುವಾಗ ಕೆಲವರು ಹೊರಗುಳಿಯುತ್ತಾರೆ. ಹಾಗೆ ಹೊರಗುಳಿದವರನ್ನು ಒಳಗೆ ಕರೆಯುವ ಶಕ್ತಿ ಯಾವ ಕೃತಿಗಿದೆಯೋ ಅದೇ ಶ್ರೇಷ್ಠವೆಂಬುದು ನಮ್ಮ ಅಭಿಪ್ರಾಯ.

ಮೊದಲು ಬ್ರಯನ್ ಫ್ರೀಲನ ‘ಮೇಕಿಂಗ್ ಹಿಸ್ಟರಿ’ ನಾಟಕವನ್ನು ನೋಡೋಣ. ಇದು 1988ರಲ್ಲಿ ಡೆರಿ ನಗರದಲ್ಲಿ ಮೊದಲು ಪ್ರದರ್ಶಿತವಾಯಿತು. ನಾಯಕನು ಅಲ್‌ಸ್ಟರಿನ ಪ್ರಭು ಹ್ಯೂ ಓನೀಲ್. ಎಲಿಜಬೆತ್ ರಾಣಿಯ ಸೈನ್ಯದೊಡನೆ ಒಂಬತ್ತು ವರ್ಷ ಹೋರಾಡಿದ ಈ ವೀರನು 1598ರಲ್ಲಿ ಯೆಲ್ಲೋ ಫೋರ್ಡ್ ಎಂಬಲ್ಲಿ ಇಂಗ್ಲಿಷರಿಗೆ ದೊಡ್ಡ ಸೋಲನ್ನು ಉಂಟುಮಾಡಿದನು. ಆದರೆ 1601ರಲ್ಲಿ, ದಕ್ಷಿಣ ತೀರದ ಕಿನ್‌ಸೇಲಿನಲ್ಲಿ ಇಳಿದ ಸ್ಪೇನಿನ ಸೈನ್ಯವನ್ನು ಕೂಡಿಕೊಳ್ಳಲು ಚಳಿಗಾಲದಲ್ಲಿ ದೇಶದ ಉದ್ದಗಲವನ್ನು ದಾಟಿ ಬಂದು, ಕೆಲವೇ ಗಂಟೆಗಳ ಕಾಳಗದಲ್ಲಿ ಸರ್ವಸ್ವವನ್ನೂ ಕಳೆದುಕೊಂಡನು. 1603ರಲ್ಲಿ ಶರಣಾದನು; 1607ರಲ್ಲಿ ಹಡಗು ಹತ್ತಿದನು; 1616ರಲ್ಲಿ ರೋಮಿನಲ್ಲಿ ತೀರಿಕೊಂಡನು. ಅವನು ಬಿಟ್ಟುಹೋದ ಭೂಮಿಯಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡಿನ ಒಕ್ಕಲುಗಳನ್ನು ನೆಲೆಗೊಳಿಸಿದರು. ಮುಂದಿನ ಮೂರು ಶತಮಾನಗಳ ಜಗಳಕ್ಕೆ ಬೀಜ ಬಿದ್ದುದು ಅಲ್ಲಿ.

ಫ್ರೀಲನು ಯಾವ ಕಾಳಗವನ್ನೂ ರಂಗದ ಮೇಲೆ ತರುವುದಿಲ್ಲ. ಅವನು ತರುವುದು ಓನೀಲನ ಹೆಂಡತಿ ಮೇಬಲ್ ಬ್ಯಾಗನಲ್‌ಳನ್ನು. ಈಕೆ ಇಂಗ್ಲಿಷ್ ಮನೆತನದ ಹೆಣ್ಣು. ಯೆಲ್ಲೋ ಫೋರ್ಡಿನಲ್ಲಿ ಓನೀಲನ ಎದುರು ಬಿದ್ದು ಸತ್ತ ಸೇನಾನಿ ಹೆನ್ರಿ ಬ್ಯಾಗನಲ್ ಅವಳ ಸ್ವಂತ ಅಣ್ಣ. ತವರು ಒಂದು ಪಾಳೆಯ, ಗಂಡನ ಮನೆ ಇನ್ನೊಂದು ಪಾಳೆಯ. ಅವಳ ಅಕ್ಕ ಗಿಡಮೂಲಿಕೆಗಳ ಬೀಜಗಳನ್ನು ತಂದುಕೊಟ್ಟು, ಬೇರೆ ಜಾತಿಯ ಸಸಿಗಳನ್ನು ಅಕ್ಕಪಕ್ಕದಲ್ಲಿ ನೆಡಬೇಡ, ಬೆರಕೆಯಾದೀತು ಎಂದು ಎಚ್ಚರಿಸುತ್ತಾಳೆ. ಇಡೀ ದ್ವೀಪದ ರಾಜಕೀಯ ಆ ಮನೆಮಾತಿನಲ್ಲಿ ಧ್ವನಿತವಾಗುತ್ತದೆ. ಕೊನೆಯ ದೃಶ್ಯದಲ್ಲಿ ಓನೀಲ್ ರೋಮಿನಲ್ಲಿ ಮುಪ್ಪಿನಿಂದಲೂ ಮದ್ಯದಿಂದಲೂ ಕುಗ್ಗಿದ್ದಾನೆ. ಆರ್ಚ್‌ಬಿಷಪ್ ಪೀಟರ್ ಲೊಂಬಾರ್ಡ್ ಅವನ ಚರಿತ್ರೆಯನ್ನು ಬರೆಯುತ್ತಿದ್ದಾನೆ. ನನ್ನ ಮೇಬಲ್ ಆ ಗ್ರಂಥದಲ್ಲಿ ಎಲ್ಲಿದ್ದಾಳೆ ಎಂದು ಓನೀಲ್ ಕೇಳುತ್ತಾನೆ. ಲೊಂಬಾರ್ಡನ ಯೋಜನೆಯಲ್ಲಿ ಅವಳಿಗೆ ಎಡೆಯಿಲ್ಲ. ಸೋತ ಜನಾಂಗಕ್ಕೆ ತಲೆಯೆತ್ತಿ ನಿಲ್ಲಲು ಒಬ್ಬ ವೀರ ಬೇಕು, ಅವನ ಸಂಸಾರದ ಕಥೆ ಬೇಡ ಎಂಬುದು ಅವನ ವಾದ.

ಲೊಂಬಾರ್ಡನನ್ನು ಖಳನೆಂದು ತಳ್ಳಿಹಾಕುವಂತಿಲ್ಲ. ನೆಲವನ್ನೂ ಕಾನೂನನ್ನೂ ಕಳೆದುಕೊಂಡ ಜನಕ್ಕೆ ಕಥೆಯೊಂದೇ ಉಳಿದ ಆಸ್ತಿ ಎಂಬ ಅವನ ಮಾತಿನಲ್ಲಿ ಸತ್ಯವಿದೆ. ಫ್ರೀಲನು ಅದನ್ನು ನ್ಯಾಯವಾಗಿಯೇ ಮಂಡಿಸಿದ್ದಾನೆ. ಇಷ್ಟಲ್ಲದೆ ನಾಟಕಕಾರನೂ ಇತಿಹಾಸವನ್ನು ತನಗೆ ಬೇಕಾದಂತೆ ಬಗ್ಗಿಸಿದವನೇ. ನಿಜವಾದ ಮೇಬಲ್ ತೀರಿಕೊಂಡುದು 1595ರಲ್ಲಿ, ಕಿನ್‌ಸೇಲಿಗೆ ಆರು ವರ್ಷ ಮೊದಲು. ನಾಟಕದಲ್ಲಿ ಅವಳು ಸಾಯುವುದು ಕಿನ್‌ಸೇಲಿನ ಸೋಲಿನ ತರುವಾಯ, ಹೆರಿಗೆಯಲ್ಲಿ, ಕೂಸಿನೊಡನೆ. ರಾಜ್ಯನಾಶವೂ ಗೃಹನಾಶವೂ ಒಂದೇ ಗಳಿಗೆಯಲ್ಲಿ ಓನೀಲನ ತಲೆಯ ಮೇಲೆ ಬೀಳಲಿ ಎಂಬುದು ಉದ್ದೇಶ. ಲೊಂಬಾರ್ಡನು ಮೇಬಲ್‌ಳನ್ನು ಬಿಡುವುದಕ್ಕಾಗಿ ಮಾಡಿದ ಕೆಲಸವನ್ನೇ ಫ್ರೀಲನು ಅವಳನ್ನು ಸೇರಿಸುವುದಕ್ಕಾಗಿ ಮಾಡಿದ್ದಾನೆ. ನಾಟಕದ ಔಚಿತ್ಯದ ದೃಷ್ಟಿಯಿಂದ ಇದು ಕ್ಷಮ್ಯ. ಆದರೆ ಇದನ್ನು ತರಗತಿಯಲ್ಲಿ ಓದಿಸುವವರು ಎರಡು ತಾರೀಖುಗಳನ್ನೂ ವಿದ್ಯಾರ್ಥಿಗಳ ಮುಂದೆ ಇಡಬೇಕು.

ಓನೀಲನ ಅನಂತರದ ಶತಮಾನ ಇನ್ನೂ ಘೋರವಾದುದು. 1649ರಲ್ಲಿ ಕ್ರಾಮ್‌ವೆಲ್ ಡ್ರೋಹೆಡದಲ್ಲಿ ನಡೆಸಿದ ಸಂಹಾರ, 1691ರಲ್ಲಿ ಲಿಮರಿಕ್ ಒಪ್ಪಂದದ ಮೇರೆಗೆ ಸಾವಿರಾರು ಸೈನಿಕರು ಫ್ರಾನ್ಸಿಗೆ ಹೊರಟುಹೋದುದು, ಆಮೇಲೆ ಕ್ಯಾಥೊಲಿಕರ ಮೇಲೆ ಬಿದ್ದ ದಂಡಶಾಸನಗಳು, ಇವೆಲ್ಲ ಜನರ ನೆನಪಿನಲ್ಲಿ ಹೆಪ್ಪುಗಟ್ಟಿದುವು. ಆ ನೆನಪಿನಿಂದ ಮೂಡಿದ ನಾಟಕ ‘ಕ್ಯಾಥ್ಲೀನ್ ನಿ ಹೂಲಿಹಾನ್’. ಯೇಟ್ಸನೂ ಲೇಡಿ ಗ್ರೆಗರಿಯೂ ಕೂಡಿ ಬರೆದ ಈ ಏಕಾಂಕ 1902ರಲ್ಲಿ ಡಬ್ಲಿನ್‌ನಲ್ಲಿ ರಂಗವನ್ನೇರಿತು. ಕಾಲ 1798, ಸ್ಥಳ ಪಶ್ಚಿಮ ತೀರದ ಕಿಲಾಲ. ಮರುದಿನ ಮದುವೆಯಾಗಲಿರುವ ಮೈಕೇಲನ ಮನೆಗೆ ಮುದುಕಿಯೊಬ್ಬಳು ಬರುತ್ತಾಳೆ. ತನ್ನ ನಾಲ್ಕು ಹಸಿರು ಹೊಲಗಳನ್ನು ಪರರು ಕಿತ್ತುಕೊಂಡರೆಂದು ಹೇಳಿಕೊಳ್ಳುತ್ತಾಳೆ. ಅವಳೇ ಐರ್ಲೆಂಡ್; ನಾಲ್ಕು ಹೊಲಗಳೆಂದರೆ ನಾಲ್ಕು ಪ್ರಾಂತಗಳು. ಮೈಕೇಲ್ ಮದುವೆಯನ್ನು ಮರೆತು, ಆಗ ತಾನೆ ದಡಕ್ಕಿಳಿದ ಫ್ರೆಂಚ್ ಸೈನ್ಯವನ್ನು ಸೇರಲು ಓಡುತ್ತಾನೆ. ಮುದುಕಿ ರಾಣಿಯ ನಡಗೆಯ ತರುಣಿಯಾಗುತ್ತಾಳೆ.

ಈ ಸಣ್ಣ ನಾಟಕದ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ನಿಂತ ಸ್ಥಳವನ್ನು ಗಮನಿಸಬೇಕು. ಕಿಲಾಲದಲ್ಲಿ ಇಳಿದ ಜನರಲ್ ಅಂಬೇರನ ಸೈನ್ಯ ಸುಮಾರು ಒಂದು ಸಾವಿರ ಮಾತ್ರ. ಒಂದು ಗೆಲುವಿನ ಬಳಿಕ, 1798ರ ಸೆಪ್ಟೆಂಬರ್ 8ರಂದು ಬ್ಯಾಲಿನಮಕ್ ಎಂಬಲ್ಲಿ ಅದು ಶರಣಾಯಿತು. ಅವರನ್ನು ಸುತ್ತುಗಟ್ಟಿದ ಕಾರ್ನ್‌ವಾಲಿಸ್ ನಮ್ಮ ಓದುಗರಿಗೆ ಹೊಸಬನಲ್ಲ. 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿನಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದವನು ಅವನೇ. ಬ್ಯಾಲಿನಮಕ್‌ನಲ್ಲಿ ಫ್ರೆಂಚರನ್ನು ಯುದ್ಧಕೈದಿಗಳ ಮರ್ಯಾದೆಯಿಂದ ನಡೆಸಿಕೊಂಡರು. ಅವರನ್ನು ನಂಬಿ ಬಂದ ಮೈಕೇಲನಂಥ ಹಳ್ಳಿಗರನ್ನು ಬೆನ್ನಟ್ಟಿ ಕೊಂದರು. ನಾಟಕ ಅಲ್ಲಿಯವರೆಗೆ ಹೋಗುವುದಿಲ್ಲ. ಮದುವಣಗಿತ್ತಿ ಡೀಲಿಯ ಅಳುತ್ತ ನಿಲ್ಲುತ್ತಾಳೆ. ಆ ಅಳುವಿಗೆ ದೊರೆತ ಅವಕಾಶ ಒಂದು ಕ್ಷಣ. ಉದ್ಯೋಗಪರ್ವದಲ್ಲಿಯೇ ಭಾರತವನ್ನು ಮುಗಿಸಿದಂತೆ ಇದು.

ಉಳಿದ ಪರ್ವಗಳನ್ನು ಬರೆದವನು ಷಾನ್ ಓಕೇಸಿ. ಡಬ್ಲಿನ್ನಿನ ಬಡ ಕೇರಿಗಳನ್ನು ಹತ್ತಿರದಿಂದ ಬಲ್ಲ ಈ ಕೂಲಿಕಾರ ನಾಟಕಕಾರನು 1924ರಲ್ಲಿ ‘ಜೂನೋ ಅಂಡ್ ದ ಪೇಕಾಕ್’ ಎಂಬ ನಾಟಕವನ್ನು ಕೊಟ್ಟನು. ಹಿನ್ನೆಲೆ 1922ರ ಅಂತರ್ಯುದ್ಧ. ಬ್ರಿಟನ್ನಿನೊಡನೆ ಮಾಡಿಕೊಂಡ ಒಪ್ಪಂದವನ್ನು ಒಪ್ಪಿದವರೂ ಒಪ್ಪದವರೂ, ನಿನ್ನೆಯವರೆಗೆ ಒಂದೇ ಬಂಕರಿನಲ್ಲಿ ಕುಳಿತವರು, ಪರಸ್ಪರ ಕೊಂದುಕೊಂಡ ಕಾಲ ಅದು. ಹೊಸ ಸರಕಾರ ತನ್ನ ಹಳೆಯ ಸಂಗಾತಿಗಳಲ್ಲಿ 70ಕ್ಕೂ ಹೆಚ್ಚು ಮಂದಿಯನ್ನು ಗುಂಡಿಕ್ಕಿ ಕೊಂದಿತು. ನಾಟಕದಲ್ಲಿ ಜೂನೋಳ ಮಗ ಜಾನಿ ತನ್ನ ನೆರೆಯ ಟ್ಯಾಂಕ್ರೆಡ್ ಎಂಬ ಹುಡುಗನನ್ನು ಶತ್ರುಗಳಿಗೆ ಹಿಡಿದುಕೊಟ್ಟಿದ್ದಾನೆ. ಟ್ಯಾಂಕ್ರೆಡನ ತಾಯಿ ಅಳುತ್ತ ಶವಯಾತ್ರೆಗೆ ಇಳಿದುಹೋಗುವಾಗ ಜೂನೋಳ ಮನೆಯಲ್ಲಿ ಹಾಡು, ಪಾನ ನಡೆಯುತ್ತಿರುತ್ತವೆ. ಕೊನೆಗೆ ಜಾನಿಯೂ ಹೆಣವಾಗುತ್ತಾನೆ. ಆಗ ಜೂನೋ ಆ ತಾಯಿಯ ಪ್ರಲಾಪವನ್ನೇ ತನ್ನ ಬಾಯಿಂದ ಆಡುತ್ತಾಳೆ; ಅಂದು ಅವಳ ಮಗನನ್ನು ಒಂದು ಪಕ್ಷದವನೆಂದು ಎಣಿಸಿದೆನೇ ಹೊರತು ಸತ್ತ ಮಗನೆಂದು ಮರುಗಲಿಲ್ಲವಲ್ಲಾ ಎಂದು ಹಲುಬುತ್ತಾಳೆ. ಐರಿಷ್ ಸಾಹಿತ್ಯದ ನಿಜವಾದ ಸ್ತ್ರೀಪರ್ವ ಇದು. ಎರಡು ಪಕ್ಷದ ಇಬ್ಬರು ತಾಯಂದಿರಿಗೆ ಕವಿ ಒಂದೇ ಮಾತನ್ನು ಕೊಟ್ಟಿದ್ದಾನೆ. ಅದಕ್ಕಿಂತ ದೊಡ್ಡ ವಿಮರ್ಶೆಯನ್ನು ಯಾವ ರಾಜಕಾರಣಿಯೂ ಆ ಯುದ್ಧದ ಮೇಲೆ ಬರೆಯಲಿಲ್ಲ.

ಎರಡು ವರ್ಷಗಳ ಬಳಿಕ, 1926ರಲ್ಲಿ, 1916ರ ಈಸ್ಟರ್ ದಂಗೆಯನ್ನು ಕುರಿತ ಅವನ ‘ದ ಪ್ಲೌ ಅಂಡ್ ದ ಸ್ಟಾರ್ಸ್’ ನಾಟಕ ಆ್ಯಬಿ ರಂಗಮಂದಿರದಲ್ಲಿ ಗದ್ದಲಕ್ಕೆ ಕಾರಣವಾಯಿತು. ಆ ದಂಗೆಯಲ್ಲಿ ಸತ್ತವರು ಸುಮಾರು 485 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಯುಧ ಹಿಡಿಯದ ನಾಗರಿಕರು. ಓಕೇಸಿ ಬರೆದುದು ಇವರ ಕಥೆಯನ್ನು. ಬ್ರಿಟಿಷ್ ಸೈನ್ಯದಲ್ಲಿ ಮಗನಿರುವ, ರಾಜನಿಷ್ಠೆಯ ಬೆಸ್ಸಿ ಬರ್ಜೆಸ್ ಎಂಬ ಬಾಯಿಬಡಕಿ ಹೆಂಗಸು, ದಂಗೆಕೋರನ ಹೆಂಡತಿಯನ್ನು ಕಿಟಕಿಯಿಂದ ಹಿಂದೆಳೆಯಲು ಹೋಗಿ ತಾನೇ ಗುಂಡಿಗೆ ಸಿಕ್ಕಿ ಸಾಯುತ್ತಾಳೆ. ಇದನ್ನು ಹುತಾತ್ಮರಿಗೆ ಮಾಡಿದ ಅವಮಾನವೆಂದು ವಿರೋಧಿಸಿದವರಲ್ಲಿ ಹಾನಾ ಶೀಹಿ ಸ್ಕೆಫಿಂಗ್ಟನ್ ಒಬ್ಬರು. ಶಾಂತಿವಾದಿಯಾದ ಆಕೆಯ ಪತಿಯನ್ನು ಅದೇ ಈಸ್ಟರ್ ವಾರದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬನು ವಿಚಾರಣೆಯಿಲ್ಲದೆ ಕೊಲ್ಲಿಸಿದ್ದನು. ಆಕೆಯ ನೋವು ಪುಸ್ತಕದ ನೋವಲ್ಲ. ತ್ಯಾಗಿಗಳ ಆದರ್ಶವನ್ನು ಓಕೇಸಿ ಅವರ ದೌರ್ಬಲ್ಯದಷ್ಟು ಆಳವಾಗಿ ನೋಡಲಿಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆಯೆಂದು ನಾವು ಒಪ್ಪುತ್ತೇವೆ. ಆದರೂ ಬೆಸ್ಸಿಯ ಸಾವನ್ನು ಬಿಟ್ಟು ಬರೆದ 1916ರ ಕಥೆ ಪೂರ್ಣವಾಗದು.

ಕೊನೆಯದಾಗಿ ಯುದ್ಧವೇ ಇಲ್ಲದ ಯುದ್ಧಕಾಲ. 1939ರಲ್ಲಿ ದ ವಲೇರನ ಸರಕಾರ ತಾಟಸ್ಥ್ಯವನ್ನು ಘೋಷಿಸಿತು. ಹಿಂದಿನ ವರ್ಷವೇ ಬ್ರಿಟನ್ ತಾನಿಟ್ಟುಕೊಂಡಿದ್ದ ಮೂರು ಬಂದರುಗಳನ್ನು ಹಿಂದಿರುಗಿಸಿದ್ದರಿಂದ ಇದು ಸಾಧ್ಯವಾಯಿತು. ಮಹಾಯುದ್ಧಕ್ಕೆ ಅಲ್ಲಿ ಸರಕಾರಿ ಹೆಸರು ‘ತುರ್ತು ಪರಿಸ್ಥಿತಿ’. ಪತ್ರಿಕೆಗಳ ಮೇಲೆ ಬಿಗಿಯಾದ ಕಣ್ಗಾವಲು. ಸಣ್ಣ ರಾಷ್ಟ್ರವೊಂದು ತನ್ನ ಸ್ವಾತಂತ್ರ್ಯವನ್ನು ತೋರಿಸಿಕೊಂಡ ರೀತಿಯಿದು ಎಂಬ ಸಮರ್ಥನೆ ದುರ್ಬಲವಲ್ಲ. 1941ರಲ್ಲಿ ಜರ್ಮನ್ ಬಾಂಬುಗಳಿಂದ ಬೆಲ್‌ಫಾಸ್ಟ್ ಉರಿದಾಗ ಗಡಿಯಾಚೆಯಿಂದ ಡಬ್ಲಿನ್ನಿನ ಬೆಂಕಿಯಂತ್ರಗಳು ಹೋಗಿ ನೆರವಾದುವು. 1945ರ ಮೇ 2ರಂದು ಹಿಟ್ಲರನ ಸಾವಿಗೆ ಸಂತಾಪ ಸೂಚಿಸಲು ದ ವಲೇರ ಜರ್ಮನ್ ಪ್ರತಿನಿಧಿಯ ಬಳಿಗೆ ಹೋದುದೂ ಅದೇ ತಾಟಸ್ಥ್ಯದ ಹೆಸರಿನಲ್ಲಿ.

ಈ ಕಾಲದ ಮುಖ್ಯ ಕೃತಿಗಳಲ್ಲಿ ಎಲಿಜಬೆತ್ ಬೋವೆನ್‌ಳ ‘ದ ಹೀಟ್ ಆಫ್ ದ ಡೇ’ ಕಾದಂಬರಿ ಒಂದು. ಬಾಂಬಿನ ಲಂಡನ್ನಿನಿಂದ ಸ್ಟೆಲ್ಲಾ ಎಂಬಾಕೆ, ಸೈನ್ಯದಲ್ಲಿರುವ ತನ್ನ ಮಗನಿಗೆ ವಾರಸಾಗಿ ಬಂದ ಐರಿಷ್ ಬಂಗಲೆಗೆ ಹೋಗುತ್ತಾಳೆ. ಆ ಮೌನದ ಮನೆಗೆ ಈಜಿಪ್ಟಿನ ಗೆಲುವಿನ ಸುದ್ದಿ ತಲಪುವ ಸಂದರ್ಭವನ್ನು ಬೋವೆನ್ ಬಹು ಸೂಕ್ಷ್ಮವಾಗಿ ಚಿತ್ರಿಸಿದ್ದಾಳೆ. ಆದರೆ ಅವಳು ತಾಟಸ್ಥ್ಯವನ್ನು ನೋಡಿದುದು ಜಮೀನುದಾರರ ಕಿಟಕಿಯಿಂದ. ಐರಿಷ್ ಸೈನ್ಯವನ್ನು ಬಿಟ್ಟು ಬ್ರಿಟಿಷ್ ಸೈನ್ಯವನ್ನು ಸೇರಿ ಹಿಟ್ಲರನ ವಿರುದ್ಧ ಕಾದಿದ ಸುಮಾರು 5,000 ಮಂದಿಯ ಮನೆಗಳು ಆ ಕಿಟಕಿಗೆ ಕಾಣಲಿಲ್ಲ. ಅವರನ್ನು 1945ರ ಆಜ್ಞೆಯೊಂದು ಏಳು ವರ್ಷಗಳ ಕಾಲ ಎಲ್ಲ ಸರಕಾರಿ ನೌಕರಿಯಿಂದಲೂ ದೂರವಿಟ್ಟಿತು. ಗೆದ್ದ ಸೈನ್ಯದಲ್ಲಿದ್ದು ಊರಿಗೆ ಬಂದವರು ಊರಿನಲ್ಲಿ ಅಪರಾಧಿಗಳಾದರು. ರಾಜ್ಯವು ಶಾಸನದ ಮೂಲಕ ಅವರನ್ನು ಕ್ಷಮಿಸಿದುದು 2013ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಬದುಕಿರಲಿಲ್ಲ. ಪುಟವೊಂದನ್ನು ಬಿಟ್ಟು ಬರೆದ ಇತಿಹಾಸಕ್ಕೆ ಮನುಷ್ಯರು ತೆರುವ ಬೆಲೆ ಇದು.

ಯುದ್ಧದ ಪಾಠವನ್ನು ಬೋಧಿಸುವ ಉಪಾಧ್ಯಾಯರು ಅರಿತೋ ಅರಿಯದೆಯೋ ಲೊಂಬಾರ್ಡರಾಗುತ್ತೇವೆ. ಪರೀಕ್ಷೆಯ ಪ್ರಶ್ನೆಗೆ ಓನೀಲ್ ಸಾಕು, ಮೇಬಲ್ ಬೇಕಾಗಿಲ್ಲ. ಮಕ್ಕಳಿಗೆ ವೀರರ ಕಥೆ ಬೇಡವೆಂದು ನಾವು ಹೇಳುವುದಿಲ್ಲ. ವೀರನ ಕಥೆಯ ಜೊತೆಗೆ ಜೂನೋಳ ಒಂದು ಮಾತನ್ನಾದರೂ ಓದಿಸಬೇಕೆಂದು ಹೇಳುತ್ತೇವೆ. 3,500ಕ್ಕೂ ಹೆಚ್ಚು ಜೀವಗಳನ್ನು ಬಲಿತೆಗೆದುಕೊಂಡ ಉತ್ತರ ಐರ್ಲೆಂಡಿನ ಕಲಹವನ್ನು ಕೊನೆಗಾಣಿಸಲು 1998ರಲ್ಲಿ ಮಾಡಿಕೊಂಡ ಒಪ್ಪಂದ, ಅಧಿಕಾರದ ಹಂಚಿಕೆಯನ್ನು ವಿವರಿಸುವ ಮೊದಲು, ಸತ್ತವರನ್ನೂ ಗಾಯಗೊಂಡವರನ್ನೂ ಅವರ ಕುಟುಂಬಗಳನ್ನೂ ನೆನೆಯುತ್ತದೆ. ಅಲ್ಲಿ ಯಾವ ಪಕ್ಷದ ಹೆಸರೂ ಇಲ್ಲ. ಸ್ತ್ರೀಪರ್ವದ ಅನಂತರ ಶಾಂತಿಪರ್ವ ಎಂಬ ಕ್ರಮವನ್ನು ಆ ರಾಜಕಾರಣಿಗಳು ಯಾರಿಂದ ಕಲಿತರೋ. ಅವರ ನಾಡಿನಲ್ಲಿ ಅದನ್ನು ಮುಕ್ಕಾಲು ಶತಮಾನ ಮೊದಲೇ ರಂಗದ ಮೇಲೆ ತೋರಿಸಿದವನು ಓಕೇಸಿ.