ದಿಂಬಿನ ಕೆಳಗಿನ ಮಾತ್ರೆ

ಹೋದ ಶನಿವಾರ ರಾತ್ರಿ ‘ಎ ಬ್ಯೂಟಿಫುಲ್ ಮೈಂಡ್’ ಸಿನಿಮಾವನ್ನು ಮೂರನೇ ಸಲ ನೋಡಿದೆ. ಮೊದಲ ಸಲ ನೋಡಿದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ, ಒಂದು ಕಂಪ್ಯೂಟರಿನ ಮುಂದೆ ಹತ್ತು ಹದಿನೈದು ಹುಡುಗರು ಮೈಮೇಲೆ ಬಿದ್ದುಕೊಂಡು. ಆಗ ನಮಗೆಲ್ಲ ಹಿಡಿಸಿದ್ದು ಕಿಟಕಿಯ ಗಾಜಿನ ಮೇಲೆ ಲೆಕ್ಕ ಬರೆಯುವ ರಸೆಲ್ ಕ್ರೋ. ಮಾರನೇ ದಿನವೇ ನಮ್ಮ ಬ್ಲಾಕಿನ ಕಿಟಕಿಗಳ ಮೇಲೆಲ್ಲ ಮಾರ್ಕರ್ ಪೆನ್ನಿನಲ್ಲಿ ಇಂಟಿಗ್ರೇಷನ್ನು ಕಾಣಿಸಿಕೊಂಡಿತು. ಬರೆದವರಿಂದಲೇ ವಾರ್ಡನ್ನು ಒರೆಸಿಸಿದರು. ಎರಡನೇ ಸಲ ನೋಡಿದ್ದು ಕೆಲಸಕ್ಕೆ ಸೇರಿದ ಮೇಲೆ, ಟೀವಿಯಲ್ಲಿ, ಅರ್ಧಂಬರ್ಧ. ಈ ಸಲ ನೋಡುವಾಗ ನನ್ನ ಪಕ್ಕ ಚಿಕ್ಕಪ್ಪ ಕೂತಿದ್ದರು. ಹಾಗಾಗಿ ಕಣ್ಣು ಗಾಜಿನ ಮೇಲೆ ಇರಲಿಲ್ಲ, ಮಾತ್ರೆಯ ಮೇಲಿತ್ತು.

ಚಿಕ್ಕಪ್ಪನ ವಿಷಯ ಮೊದಲು ಹೇಳಿಬಿಡ್ತೀನಿ. ನಾನು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಯಾರೋ ಮಾತಾಡಿದಂತೆ ಕೇಳಿಸುವುದಕ್ಕೆ ಶುರುವಾಯಿತು. ತೋಟದ ಪಂಪ್‌ಸೆಟ್ಟಿನಿಂದ, ಮಾಡಿನ ಹಂಚಿನಿಂದ. ದೇವರು ಕೇಳಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು, ಕೊನೆಗೆ ಜಿಲ್ಲಾ ಕೇಂದ್ರದ ಒಬ್ಬ ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಹೇಳಿ ಹ್ಯಾಲೊಪೆರಿಡಾಲ್ ಬರೆದುಕೊಟ್ಟರು. ಮಾತುಗಳು ಕಮ್ಮಿಯಾದವು. ಆದರೆ ಚಿಕ್ಕಪ್ಪ ಕೂತಲ್ಲಿ ಕೂರಲಾರದೆ ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ದಿನವಿಡೀ ತಿರುಗತೊಡಗಿದರು. ಕೈ ನಡುಗುತ್ತಿತ್ತು, ಮುಖ ಮರದ ಹಾಗೆ ಬಿಗಿದುಕೊಂಡಿತ್ತು. ‘ಕಾಯ್ಲೆ ಜಾಸ್ತಿಯಾಗದೆ ಕಣೋ, ನಿಂತ್ಕಳಕ್ಕೂ ಆಗಲ್ಲ ಅಂತಾನೆ’ ಎಂದು ಅಜ್ಜಿ ಅಳುತ್ತಿದ್ದರು. ಅದು ಕಾಯಿಲೆಯಲ್ಲ, ಮಾತ್ರೆಯ ಅಡ್ಡಪರಿಣಾಮ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಡೋಸ್ ಇಳಿಸಿದರೆ, ಔಷಧಿ ಬದಲಿಸಿದರೆ ಅಥವಾ ಅದಕ್ಕೆಂದೇ ಇರುವ ಇನ್ನೊಂದು ಮಾತ್ರೆ ಸೇರಿಸಿದರೆ ಅದು ಹತೋಟಿಗೆ ಬರುತ್ತದೆ ಎನ್ನುವುದಂತೂ ಗೊತ್ತೇ ಇರಲಿಲ್ಲ. ಚಿಕ್ಕಪ್ಪ ತಮಗೆ ತಿಳಿದ ಪರಿಹಾರ ಮಾಡಿಕೊಂಡರು. ಮಾತ್ರೆ ನುಂಗಿದ ಹಾಗೆ ಮಾಡಿ ದಿಂಬಿನ ಕೆಳಗೆ ಇಡತೊಡಗಿದರು. ಎರಡು ತಿಂಗಳಲ್ಲಿ ಹಂಚು ಮತ್ತೆ ಮಾತಾಡಿತು.

ಈಗ ಸಿನಿಮಾಕ್ಕೆ ಬರೋಣ. ಸಿಲ್ವಿಯಾ ನಾಸರ್ 1998ರಲ್ಲಿ ಬರೆದ ಜೀವನಚರಿತ್ರೆಯನ್ನು ಆಧರಿಸಿ ರಾನ್ ಹೋವರ್ಡ್ 2001ರಲ್ಲಿ ತೆಗೆದ ಚಿತ್ರ ಇದು. ಉತ್ತಮ ಚಿತ್ರ, ನಿರ್ದೇಶನ ಸೇರಿ ನಾಲ್ಕು ಆಸ್ಕರ್ ಬಂತು. ಗಣಿತಜ್ಞ ಜಾನ್ ನಾಶ್‌ನ ಕಥೆ. ಚಿತ್ರದ ದೊಡ್ಡ ಜಾಣತನ ಏನೆಂದರೆ, ಅವನಿಗೆ ಕಾಣುವ ರೂಮ್‌ಮೇಟು, ಗೂಢಚಾರ, ಪುಟ್ಟ ಹುಡುಗಿ ನಮಗೂ ಕಾಣುತ್ತಾರೆ. ಅರ್ಧ ಸಿನಿಮಾ ಮುಗಿಯುವವರೆಗೆ ನಾವೂ ನಂಬುತ್ತೇವೆ. ನಿಜವಾದ ನಾಶ್‌ಗೆ ಹೆಚ್ಚಾಗಿ ಇದ್ದದ್ದು ಕಾಣುವ ಮನುಷ್ಯರಲ್ಲ, ಕೇಳುವ ಧ್ವನಿಗಳು. ಸಿನಿಮಾ ಕಣ್ಣಿನ ಮಾಧ್ಯಮ, ಬದಲಾವಣೆ ಮಾಡಿಕೊಂಡರು, ಅದಕ್ಕೆ ನನ್ನ ತಕರಾರಿಲ್ಲ. ಭ್ರಮೆ ಅನ್ನುವುದು ಒಳಗಿರುವವನಿಗೆ ಎಷ್ಟು ಗಟ್ಟಿ ನಿಜ ಎನ್ನುವುದನ್ನು ನನಗೆ ಮೊದಲು ಅರ್ಥ ಮಾಡಿಸಿದ್ದು ಈ ಚಿತ್ರವೇ. ಅದನ್ನು ನೋಡಿದ ಮೇಲೆ ‘ಹಂಚು ಮಾತಾಡಲ್ಲ ಚಿಕ್ಕಪ್ಪ’ ಅಂತ ವಾದ ಮಾಡುವುದನ್ನು ಬಿಟ್ಟೆ.

ನನ್ನ ತಕರಾರು ಮಾತ್ರೆ ಬಂದ ಮೇಲಿನ ಭಾಗದ್ದು. ಆಸ್ಪತ್ರೆಯಿಂದ ಮನೆಗೆ ಬಂದ ನಾಶ್‌ಗೆ ಹೆಂಡತಿ ಅಲಿಷಿಯಾ ಮಾತ್ರೆ, ನೀರು ಕೊಡುತ್ತಾಳೆ. ಅವನಿಗೆ ಲೆಕ್ಕ ಬರುವುದಿಲ್ಲ. ಮಗುವನ್ನು ಎತ್ತಿಕೊಳ್ಳುವ ಹುಮ್ಮಸ್ಸಿಲ್ಲ. ಹೆಂಡತಿ ಹತ್ತಿರ ಬಂದರೆ ದೇಹ ಸ್ಪಂದಿಸುವುದಿಲ್ಲ. ಒಂದು ದಿನ ಅವನು ಮಾತ್ರೆಯನ್ನು ನುಂಗದೆ ಬಚ್ಚಿಡುತ್ತಾನೆ.

ಚಿಕ್ಕಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ಅಲ್ಲಲ್ಲಿ ಹೇಳುತ್ತಿದ್ದೆ. ಈ ಜಾಗದಲ್ಲಿ ನಾನೇನೂ ಹೇಳಬೇಕಾಗಲಿಲ್ಲ. ‘ಇವ್ನೂ ಬಚ್ಚಿಕ್ಕದ್ನಾ?’ ಅಂದರು. ಸ್ವಲ್ಪ ಹೊತ್ತಾದ ಮೇಲೆ, ‘ಡಾಕ್ಟ್ರಿಗೆ ಹೇಳಿದ್ನಾ?’ ಅಂತ ಕೇಳಿದರು.

ನಾನು ಇಷ್ಟುದ್ದ ಬರೆಯುತ್ತಿರುವುದು ಆ ಎರಡನೇ ಪ್ರಶ್ನೆಯಿಂದಾಗಿ. ಸಿನಿಮಾದಲ್ಲಿ ಅವನು ಹೇಳುತ್ತಾನೆ, ಆದರೆ ಎಲ್ಲ ಮುರಿದುಬಿದ್ದ ಮೇಲೆ. ಭ್ರಮೆ ವಾಪಸ್ಸು ಬಂದು, ಮಗು ಸ್ನಾನದ ತೊಟ್ಟಿಯಲ್ಲಿ ಮುಳುಗುವ ಸ್ಥಿತಿಗೆ ಬಂದು, ಡಾಕ್ಟರು ಮನೆಗೆ ಬಂದಾಗ. ಕೆಲಸ ಮಾಡಲಾಗಲಿಲ್ಲ, ಹೆಂಡತಿಗೆ ಗಂಡನಾಗಿರಲು ಆಗಲಿಲ್ಲ, ಅದಕ್ಕೇ ಬಿಟ್ಟೆ ಎನ್ನುತ್ತಾನೆ. ಅದಕ್ಕೆ ಡಾಕ್ಟರು ಕೊಡುವ ಉತ್ತರ ಇನ್ನೂ ಜಾಸ್ತಿ ಇನ್ಸುಲಿನ್ ಚಿಕಿತ್ಸೆ, ಇನ್ನೊಂದು ಔಷಧಿ. ಇಡೀ ಚಿತ್ರದಲ್ಲಿ ಅತ್ಯಂತ ಸತ್ಯವಾದ ಮಾತು ಅದು, ಆದರೆ ಚಿತ್ರ ಅಲ್ಲಿ ನಿಲ್ಲುವುದೇ ಇಲ್ಲ. ನಾಶ್ ಇದನ್ನೂ ಒಂದು ಲೆಕ್ಕದಂತೆ ತಾನೇ ಬಿಡಿಸುತ್ತೇನೆ ಎಂದು ತೀರ್ಮಾನಿಸುತ್ತಾನೆ. ಹಿನ್ನೆಲೆ ಸಂಗೀತ ಏರುತ್ತದೆ, ವರ್ಷಗಳು ಉರುಳುತ್ತವೆ. ನುಂಗುವುದು, ಇಲ್ಲಾ ಬಚ್ಚಿಡುವುದು. ಎರಡೇ ದಾರಿ. ಮೂರನೆಯದೊಂದು ಇದೆ ಎಂದು ಎರಡು ಗಂಟೆಯ ಚಿತ್ರದಲ್ಲಿ ಯಾರೂ ಹೇಳುವುದಿಲ್ಲ.

ಕೊನೆಯಲ್ಲಿ 1994ರ ನೊಬೆಲ್ ಹೊತ್ತಿಗೆ ನಾಶ್ ತಾನು ಹೊಸ ಔಷಧಿಗಳನ್ನು ತೆಗೆದುಕೊಳ್ಳುತ್ತಿದ್ದೇನೆ ಎನ್ನುವ ಒಂದು ಮಾತಿದೆ. ಅದು ಸುಳ್ಳು. ನಿಜವಾದ ನಾಶ್ 1970ರ ನಂತರ ಮಾತ್ರೆ ಮುಟ್ಟಲಿಲ್ಲವೆಂದು ಅವರೇ ಹೇಳಿದ್ದಾರೆ. ಸಿನಿಮಾ ನೋಡಿ ಜನ ಮಾತ್ರೆ ಬಿಟ್ಟಾರು ಎಂಬ ಹೆದರಿಕೆಯಿಂದ ಆ ಮಾತು ಸೇರಿಸಿದರು ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ನೋಡಿ, ಅರ್ಧ ಗಂಟೆ ಮಾತ್ರೆಯನ್ನು ಖಳನಾಯಕನಾಗಿ ತೋರಿಸಿ, ಕೊನೆಗೆ ಒಂದು ವಾಕ್ಯದಲ್ಲಿ ಕ್ಷಮೆ ಕೇಳಿದರೆ ಯಾರ ತಲೆಯಲ್ಲಿ ಏನು ಉಳಿಯುತ್ತದೆ? ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ, ಬಗ್ಗನ್ನು ಸರಿ ಮಾಡದೆ ಕಾಮೆಂಟ್ ಬರೆದು ಮುಚ್ಚಿದ ಹಾಗೆ. ನಾಶ್ ಮಾತ್ರೆಯಿಲ್ಲದೆ ಸುಧಾರಿಸಿಕೊಂಡದ್ದು ನಿಜವಾದರೆ ಅದನ್ನೇ ತೋರಿಸಬಹುದಿತ್ತು. ಜೊತೆಗೆ ವಿಚ್ಛೇದನವಾದ ಮೇಲೂ ಮನೆಯಲ್ಲಿ ಜಾಗ ಕೊಟ್ಟ ಅಲಿಷಿಯಾ, ವರ್ಷಗಟ್ಟಲೆ ಕ್ಯಾಂಪಸ್ಸಿನಲ್ಲಿ ಓಡಾಡಲು ಬಿಟ್ಟ ಪ್ರಿನ್ಸ್‌ಟನ್, ಇವೆಲ್ಲ ಎಲ್ಲರಿಗೂ ಸಿಗುವುದಿಲ್ಲ ಅಂತಲೂ ತೋರಿಸಬೇಕಿತ್ತು. ಒಬ್ಬ ನಾಶ್‌ನಿಂದ ನಮ್ಮೂರಿನ ಚಿಕ್ಕಪ್ಪನಿಗೆ ಫಾರ್ಮುಲಾ ತೆಗೆಯಲಾಗುವುದಿಲ್ಲ.

ಹಾಲಿವುಡ್ಡನ್ನು ಬೈದು ನಮ್ಮವರನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ 1971ರಲ್ಲಿ ‘ಶರಪಂಜರ’ ಮಾಡಿದರು. ಕಲ್ಪನಾ ಅವರ ಕಾವೇರಿಯನ್ನು ನೋಡಿ ನಮ್ಮ ಅಮ್ಮನ ತಲೆಮಾರು ಇವತ್ತಿಗೂ ಕಣ್ಣೊರೆಸಿಕೊಳ್ಳುತ್ತದೆ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಗಂಡ, ಮನೆ, ನೆರೆಹೊರೆ ಹೇಗೆ ಮತ್ತೆ ಹುಚ್ಚಿಯನ್ನಾಗಿ ಮಾಡುತ್ತಾರೆ ಎನ್ನುವುದನ್ನು ಅದಕ್ಕಿಂತ ಚೆನ್ನಾಗಿ ಹೇಳಿದ ಚಿತ್ರ ಕನ್ನಡದಲ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಅಲ್ಲೂ ‘ವಾಸಿ’ ಅನ್ನುವುದು ಆಸ್ಪತ್ರೆಯ ಗೇಟಿನಲ್ಲೇ ಮುಗಿದುಹೋಗುತ್ತದೆ. ಮನೆಗೆ ಬಂದ ಮೇಲಿನ ಕಷ್ಟವೆಲ್ಲ ಜನರ ಕಣ್ಣಿನದು, ಔಷಧಿಯ ಲೆಕ್ಕ ಕಥೆಗೆ ಬೇಕಾಗಿಲ್ಲ. 2004ರ ‘ಆಪ್ತಮಿತ್ರ’ದಲ್ಲಂತೂ ಸೈಕಿಯಾಟ್ರಿಸ್ಟ್ ವಿಷ್ಣುವರ್ಧನ್ ಒಂದು ರಾತ್ರಿಯ ನಾಟಕ ಹೂಡಿ ನಾಗವಲ್ಲಿಯನ್ನು ಕಳಿಸಿಬಿಡುತ್ತಾರೆ. ಗಂಗಾಳದು ಬೇರೆ ಕಾಯಿಲೆ, ಒಪ್ಪಿದೆ. ಆದರೆ ನಮ್ಮೂರಿನಲ್ಲಿ ಆ ಸಿನಿಮಾ ನೋಡಿ ಬಂದವರೊಬ್ಬರು ‘ನಿಮ್ಮ ಚಿಕ್ಕಪ್ಪಂಗೂ ಅಂಗೇ ಮಾಡ್ಸಿ, ಒಂದೇ ಏಟ್ಗೆ ಹೋಯ್ತದೆ’ ಅಂತ ಸಲಹೆ ಕೊಟ್ಟಿದ್ದು ನನ್ನ ಕಿವಿಯಲ್ಲೇ ಇದೆ.

ಒಂದೇ ಏಟಿಗೆ ಹೋಗುವುದಿಲ್ಲ. ಆ ಮೂರನೇ ದಾರಿ ಹೇಗಿರುತ್ತದೆ ಎಂದು ನಾನು ಕಂಡಷ್ಟು ಹೇಳುತ್ತೇನೆ. ಎರಡು ಔಷಧಿಗಳಲ್ಲಿ ಗುಣ ಕಾಣದಿದ್ದಾಗ ಬೆಂಗಳೂರಿನ ಡಾಕ್ಟರು ಚಿಕ್ಕಪ್ಪನಿಗೆ ಕ್ಲೋಜಪೈನ್ ಶುರು ಮಾಡಿದರು. ಈ ಮಾತ್ರೆಗೇ ಒಂದು ಸಿನಿಮಾ ಆಗುವಷ್ಟು ಕಥೆಯಿದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಎಂಟು ಜನ ಸತ್ತರು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಇದ್ದಕ್ಕಿದ್ದಂತೆ ಕುಸಿದಿದ್ದೇ ಕಾರಣ. ಹಲವು ಕಡೆ ಔಷಧಿಯನ್ನು ಹಿಂದಕ್ಕೆ ತೆಗೆದುಕೊಂಡರು. 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು, ಬೇರೆ ಯಾವ ಔಷಧಿಗೂ ಬಗ್ಗದ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಆರು ವಾರದಲ್ಲಿ 30 ಪರ್ಸೆಂಟ್ ಜನ ಸುಧಾರಿಸಿದರು, ಹಳೆಯ ಔಷಧಿಯಲ್ಲಿ ಸುಧಾರಿಸಿದ್ದು 4 ಪರ್ಸೆಂಟ್. ಮರುವರ್ಷ ಅಲ್ಲಿ ಒಪ್ಪಿಗೆ ಸಿಕ್ಕಿತು. ಷರತ್ತು ಒಂದೇ: ತಪ್ಪದೆ ರಕ್ತಪರೀಕ್ಷೆ.

ಆ ಕುಸಿತ ಆಗುವುದು ನೂರರಲ್ಲಿ ಒಬ್ಬರಿಗಿಂತ ಕಮ್ಮಿ ಜನಕ್ಕೆ, ಅದೂ ಹೆಚ್ಚಾಗಿ ಮೊದಲ ತಿಂಗಳುಗಳಲ್ಲಿ. ಅದಕ್ಕೇ ಮೊದಲ 18 ವಾರ ವಾರಕ್ಕೊಮ್ಮೆ ಚಿಕ್ಕಪ್ಪನ ರಕ್ತ ತೆಗೆದರು, ಆಮೇಲೆ ಅಂತರ ಹೆಚ್ಚಿಸಿದರು. ಜ್ವರವೋ ಗಂಟಲು ನೋವೋ ಬಂದರೆ ಕಷಾಯ ಕುಡಿದು ಮಲಗುವ ಹಾಗಿಲ್ಲ, ಅವತ್ತೇ ಪರೀಕ್ಷೆ. ಶುರು ಮಾಡಿದ್ದು 12.5 ಮಿಲಿಗ್ರಾಮಿನಿಂದ, ಏರಿಸಿದ್ದು ಬಸವನಹುಳುವಿನ ವೇಗದಲ್ಲಿ. ಒಮ್ಮೆ ಊರ ಜಾತ್ರೆಗೆ ಹೋದಾಗ ಸ್ಟ್ರಿಪ್ಪನ್ನು ಇಲ್ಲೇ ಮರೆತು ಎರಡೂವರೆ ದಿನ ತಪ್ಪಿತು. ವಾಪಸ್ಸು ಬಂದು ಹಳೇ ಡೋಸನ್ನೇ ನುಂಗಲು ಹೊರಟಿದ್ದರು, ಪುಣ್ಯಕ್ಕೆ ಫೋನು ಮಾಡಿ ಕೇಳಿದೆವು. ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ 12.5ರಿಂದಲೇ ಶುರು, ಇಲ್ಲದಿದ್ದರೆ ಬಿಪಿ ಇಳಿದು ಬಿದ್ದುಬಿಡುವ ಅಪಾಯ ಎಂದರು.

ಇನ್ನು ರಾತ್ರಿ ಜೊಲ್ಲು ಸುರಿದು ದಿಂಬು ತೊಯ್ಯುತ್ತಿತ್ತು. ತೂಕ ಏರಿತು, ಸಕ್ಕರೆ ನೋಡಿಸಬೇಕಾಯಿತು. ಮಲಬದ್ಧತೆಯನ್ನು ನಾವು ತಮಾಷೆ ಅಂದುಕೊಂಡಿದ್ದೆವು. ಈ ಮಾತ್ರೆಯಲ್ಲಿ ಕರುಳೇ ನಿಂತು ಪ್ರಾಣಕ್ಕೆ ಬರಬಹುದು ಎಂದು ಡಾಕ್ಟರು ಗದರಿದ ಮೇಲೆ ಚಿಕ್ಕಮ್ಮ ದಿನಾ ನಾಚಿಕೆ ಬಿಟ್ಟು ಕೇಳುತ್ತಾರೆ. ಬೀಡಿಯದ್ದು ಇನ್ನೊಂದು ಕಥೆ. ದಿನಕ್ಕೊಂದು ಕಟ್ಟು ಸೇದುತ್ತಿದ್ದವರು ಕೆಮ್ಮಿಗೆ ಹೆದರಿ ಇದ್ದಕ್ಕಿದ್ದಂತೆ ಬಿಟ್ಟರು. ನಾವೆಲ್ಲ ಖುಷಿಪಟ್ಟೆವು. ಸ್ವಲ್ಪ ದಿನದಲ್ಲೇ ಚಿಕ್ಕಪ್ಪ ಹಗಲೂ ರಾತ್ರಿ ನಿದ್ದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ‘ಬೀಡಿ ಬಿಟ್ರಾ?’ ಅಂತ. ಹೊಗೆಯಿಂದಾಗಿ ಲಿವರ್ ಈ ಔಷಧಿಯನ್ನು ಬೇಗ ಕರಗಿಸುತ್ತಿತ್ತಂತೆ. ಹೊಗೆ ನಿಂತರೆ ಅದೇ ಡೋಸೇ ರಕ್ತದಲ್ಲಿ ಜಾಸ್ತಿಯಾಗುತ್ತದೆ. ಬೀಡಿ ಮತ್ತೆ ಹಚ್ಚಲು ಹೇಳಲಿಲ್ಲ, ಡೋಸ್ ಇಳಿಸಿದರು, ಸರಿಹೋಯಿತು.

ಇದರಲ್ಲಿ ಯಾವುದೂ ಸಿನಿಮಾ ದೃಶ್ಯಕ್ಕೆ ಲಾಯಕ್ಕಿಲ್ಲ ಅನ್ನಿಸಬಹುದು. ಕಿಟಕಿಯ ಮೇಲೆ ಸಮೀಕರಣ ಬರೆಯುವಷ್ಟು ಚಂದ ಇಲ್ಲ. ಆದರೆ ಇಲ್ಲಿರುವ ಪ್ರತಿಯೊಂದು ತಿರುವಿನಲ್ಲೂ ಯಾರೋ ಒಬ್ಬರು ಬಾಯಿಬಿಟ್ಟು ‘ಹಿಂಗಾಗ್ತಿದೆ’ ಎಂದಿದ್ದಾರೆ, ಇನ್ನೊಬ್ಬರು ಕೇಳಿಸಿಕೊಂಡು ಏನೋ ಬದಲಿಸಿದ್ದಾರೆ. ಅಡ್ಡಪರಿಣಾಮ ಅನ್ನುವುದು ರೋಗಿಯ ಗೊಣಗಾಟವಲ್ಲ, ಅದೊಂದು ಮಾಹಿತಿ. ನಮ್ಮ ಸಿಸ್ಟಮ್ಮು ಎರರ್ ಲಾಗ್ ಕೊಟ್ಟರೆ ನಾವು ಖುಷಿಪಡುತ್ತೇವೆ, ಮನುಷ್ಯ ಕೊಟ್ಟರೆ ‘ಸುಮ್ನೆ ನುಂಗು’ ಅನ್ನುತ್ತೇವೆ. ಹಾಗಂದಾಗಲೇ ಮಾತ್ರೆ ದಿಂಬಿನ ಕೆಳಗೆ ಹೋಗುವುದು. ‘ಎ ಬ್ಯೂಟಿಫುಲ್ ಮೈಂಡ್’ ಈ ಸುಮ್ಮನಿರುವಿಕೆಯನ್ನು ಚೆನ್ನಾಗಿ ತೋರಿಸಿ, ಅದನ್ನು ಮುರಿಯುವ ಬಗೆಯನ್ನು ತೋರಿಸದೆ ಬಿಟ್ಟಿತು. ಅಷ್ಟರಮಟ್ಟಿಗೆ ಅದು ಅರ್ಧ ಸತ್ಯದ ಚಿತ್ರ. ಆದರೂ ನೋಡಿ, ಸಾಧ್ಯವಾದರೆ ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳುವವರ ಪಕ್ಕ ಕೂತು ನೋಡಿ. ಬಚ್ಚಿಡುವ ದೃಶ್ಯ ಬಂದಾಗ ಸಿನಿಮಾ ನಿಲ್ಲಿಸಿ, ‘ನಿಂಗೇನಾಗ್ತಿದೆ?’ ಅಂತ ಕೇಳಿ. ಏನೇ ಹೇಳಿದರೂ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅವರನ್ನು ಬೈಯಲೂ ಬೇಡಿ. ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಚಿಕ್ಕಪ್ಪನ ಚೀಟಿಯಲ್ಲಿ ಈ ಸಲ ಎರಡೇ ಸಾಲು ಇತ್ತು. ಬೆಳಿಗ್ಗೆ ಎದ್ದ ತಕ್ಷಣ ತಲೆ ಸುತ್ತುತ್ತದೆ. ಹಂಚು ಅಪರೂಪಕ್ಕೆ ಮಾತಾಡುತ್ತದೆ, ಆದರೆ ನಿಧಾನವಾಗಿ. ಸೋಮವಾರ ತೋರಿಸಿಕೊಂಡು ಬಂದೆವು.