ಓಡಿದವರೆಲ್ಲ ಒಂದೇ ಅಲ್ಲ

ಒಂದೇ ಮಾತನ್ನು ಎರಡು ಸಲ ಬಳಸಬಾರದೆಂಬ ಭಯ ನಮ್ಮಲ್ಲಿ ಇಂಗ್ಲಿಷ್ ಬರೆಯುವವರನ್ನು ಶಾಲೆಯ ದಿನಗಳಿಂದಲೂ ಕಾಡುತ್ತ ಬಂದಿದೆ. ಮೊದಲ ವಾಕ್ಯದಲ್ಲಿ ಹುಡುಗ ‘ರನ್’ ಮಾಡಿದ್ದರೆ ಎರಡನೆಯದರಲ್ಲಿ ‘ಡ್ಯಾಷ್’ ಮಾಡಬೇಕು, ಮೂರನೆಯದರಲ್ಲಿ ‘ಬೋಲ್ಟ್’ ಮಾಡಬೇಕು. ನಾಲ್ಕನೆಯದಕ್ಕೆ ಪರ್ಯಾಯಪದಗಳ ಕೋಶವನ್ನೇ ತೆರೆಯಬೇಕು. ಇದರಿಂದ ಶೈಲಿ ಸಂಪನ್ನವಾಗುತ್ತದೆಂಬುದು ನಂಬಿಕೆ. ಆದರೆ ಆ ಹುಡುಗನ ಗತಿ? ಆಟಕ್ಕೆಂದು ಹೊರಟವನು ಮೂರನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಕಳ್ಳನಾಗಿರುತ್ತಾನೆ!

ಈ ಅವಾಂತರಕ್ಕೆ ಕೋಶಕರ್ತನನ್ನು ದೂರುವುದು ನ್ಯಾಯವಲ್ಲ. ಪೀಟರ್ ಮಾರ್ಕ್ ರೋಜೆ ವೃತ್ತಿಯಿಂದ ವೈದ್ಯ. 1852ರಲ್ಲಿ ಅವನು ಪ್ರಕಟಿಸಿದ ‘ಥೆಸಾರಸ್’ ಇಂಗ್ಲಿಷ್ ಪದಗಳನ್ನು ಅಕ್ಷರಾನುಕ್ರಮದಲ್ಲಿ ಅಲ್ಲ, ಭಾವಾನುಸಾರವಾಗಿ ಆರು ವರ್ಗಗಳಲ್ಲಿ, ಒಂದು ಸಾವಿರ ಶೀರ್ಷಿಕೆಗಳ ಕೆಳಗೆ ಜೋಡಿಸಿತು. ಹೇಳಬೇಕಾದ ಭಾವ ಮನಸ್ಸಿನಲ್ಲಿದ್ದು ತಕ್ಕ ಮಾತು ಹೊಳೆಯದವನಿಗೆ ನೆರವಾಗಲೆಂಬುದು ಅವನ ಉದ್ದೇಶ. ಹೇಳುವುದೇನೆಂದು ನಿಶ್ಚಯಿಸದವನ ಕೈಗೂ ಆ ಗ್ರಂಥ ಸಿಕ್ಕಿತು. ತೊಂದರೆ ಆರಂಭವಾದದ್ದು ಅಲ್ಲಿಂದ. ಒಂದೇ ಕೇರಿಯಲ್ಲಿ ವಾಸಿಸುವವರೆಲ್ಲ ಅವಳಿಜವಳಿಗಳಲ್ಲವಷ್ಟೆ.

ವೇಗದ ಓಟವನ್ನು ಸೂಚಿಸುವ ಇಂಗ್ಲಿಷ್ ಕ್ರಿಯಾಪದಗಳ ಮನೆತನವನ್ನು ವಿಚಾರಿಸಿದರೆ ಇದು ಸ್ಪಷ್ಟವಾಗುತ್ತದೆ. ‘ಬೋಲ್ಟ್’ ಮೂಲತಃ ಬಿಲ್ಲಿನಿಂದ ಹಾರುವ ಗಿಡ್ಡ ಬಾಣ. ‘ಡಾರ್ಟ್’ ಎಸೆಯುವ ಈಟಿ. ಎರಡೂ ಆಯುಧಗಳೇ, ಆದರೂ ಸ್ವಭಾವ ಬೇರೆ. ಬೆದರಿದ ಕುದುರೆ, ಸಿಕ್ಕಿಬೀಳಲಿದ್ದ ಅಪರಾಧಿ ‘ಬೋಲ್ಟ್’ ಮಾಡುತ್ತಾರೆ. ಮೀನು, ಹಕ್ಕಿ ‘ಡಾರ್ಟ್’ ಮಾಡುತ್ತವೆ. 2009ರಲ್ಲಿ ಬರ್ಲಿನ್ ನಗರದಲ್ಲಿ ನೂರು ಮೀಟರುಗಳನ್ನು 9.58 ಸೆಕೆಂಡುಗಳಲ್ಲಿ ಮುಗಿಸಿದ ಜಮೈಕದ ಓಟಗಾರ ಉಸೇನ್ ಬೋಲ್ಟ್. ಹೆಸರು ಬೋಲ್ಟ್ ಆದರೂ ಅವನು ಮಾಡಿದ್ದು ‘ಸ್ಪ್ರಿಂಟ್’. ಅದಕ್ಕೆ ಗೆರೆಯುಂಟು, ಗುರಿಯುಂಟು, ಅಲ್ಪ ದೂರಕ್ಕೆ ಸರ್ವಶಕ್ತಿಯನ್ನೂ ವ್ಯಯಿಸುವ ಸಂಕಲ್ಪವುಂಟು. ಇನ್ನು ‘ಕೆರಿಯರ್’ ಎಂಬ ಮಾತಿನ ಕಥೆ ಸ್ವಾರಸ್ಯವಾದದ್ದು. ಫ್ರೆಂಚಿನಿಂದ ಬಂದ ಅದಕ್ಕೆ ಮೊದಲು ಓಟದ ಪಥವೆಂದು ಅರ್ಥ. ಈಗ ನಾಮಪದವಾದರೆ ಮನುಷ್ಯನ ವೃತ್ತಿಜೀವನ. ಕ್ರಿಯಾಪದವಾದರೆ ಹಿಡಿತ ತಪ್ಪಿ ಎತ್ತೆತ್ತಲೋ ನುಗ್ಗುವುದು. ಇವೆರಡು ಅರ್ಥಗಳೂ ಒಂದೇ ಸಲ ಹೊಂದುವ ಮಹನೀಯರು ಇಲ್ಲದಿಲ್ಲ.

ಹೀಗೆ ಪ್ರತಿಯೊಂದು ಕ್ರಿಯಾಪದವೂ ಓಡುವವನು ಯಾರು, ಓಡುವುದೇಕೆ, ನೋಡುವವನಿಗೆ ಅವನು ಹೇಗೆ ಕಾಣುತ್ತಾನೆ ಎಂಬುದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ. ವೇಗ ಅದರ ಒಂದಂಶ ಮಾತ್ರ. ದೊಡ್ಡ ಲೇಖಕರು ಇದನ್ನು ಬಲ್ಲರು. ವಿಲಿಯಂ ಕೂಪರನ 1782ರ ಹಾಸ್ಯಕಥನಕವನದಲ್ಲಿ ಜಾನ್ ಗಿಲ್ಪಿನ್ನನ ಕುದುರೆ ಮೊದಲು ‘ಟ್ರಾಟ್’ ಹಿಡಿದು ಬೇಗನೆ ‘ಗ್ಯಾಲಪ್’ಗೆ ಏರುತ್ತದೆ. ಇವು ಬದಲಿ ಮಾತುಗಳಲ್ಲ, ಮೆಟ್ಟಿಲುಗಳು. ಅವುಗಳ ಕ್ರಮ ತಪ್ಪಿದರೆ ಸವಾರನ ಫಜೀತಿಯೂ ಇಲ್ಲ, ನಗುವೂ ಇಲ್ಲ. ಲ್ಯೂಯಿಸ್ ಕ್ಯಾರಲ್ಲನ ‘ಆಲಿಸ್’ ಕಥೆಯನ್ನು (1865) ನೋಡಿ. ಮೊದಲ ಅಧ್ಯಾಯದಲ್ಲಿ ಬಿಳಿಯ ಮೊಲಕ್ಕೂ ಅದನ್ನು ಬೆನ್ನಟ್ಟುವ ಬಾಲಕಿಗೂ ಬರಿಯ ‘ರನ್’ ಸಾಕಾಯಿತು. ಎರಡನೆಯ ಅಧ್ಯಾಯದಲ್ಲಿ ಆಲಿಸಳ ದನಿಗೆ ಬೆಚ್ಚಿ, ಕೈಗವಸುಗಳನ್ನೂ ಬೀಸಣಿಗೆಯನ್ನೂ ಕೆಡವಿ ಕತ್ತಲೆಗೆ ಓಡುವಾಗ ಮಾತ್ರ ಆ ಮೊಲಕ್ಕೆ ‘ಸ್ಕರಿ’ ಎಂಬ ಮಾತು ದೊರೆಯುತ್ತದೆ. ಅಲ್ಲಿಯವರೆಗೆ ಅದನ್ನು ಕೂಡಿಟ್ಟಿದ್ದರಿಂದಲೇ ಆ ಭಯ ನಮಗೆ ತಟ್ಟುವುದು. ‘ರನ್’ ಪದವನ್ನು ಮರಳಿ ಬಳಸಲು ಕ್ಯಾರಲ್ ನಾಚಲಿಲ್ಲ.

ನಮ್ಮ ಅನುವಾದಕರಿಗೆ ಇದರಿಂದ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲಿಷಿನಂಥ ಭಾಷೆಗಳು ಚಲನೆಯನ್ನೂ ಅದರ ರೀತಿಯನ್ನೂ ಒಂದೇ ಕ್ರಿಯಾಪದದಲ್ಲಿ ಅಡಕಮಾಡುತ್ತವೆ, ಸ್ಪ್ಯಾನಿಷಿನಂಥವು ರೀತಿಯನ್ನು ಬೇರೆಯಾಗಿ ಹೇಳುತ್ತವೆ ಎಂದು ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರಲ್ಲಿ ವಿವರಿಸಿದ್ದಾರೆ. ಕನ್ನಡದಲ್ಲಿ ‘ಓಡು’ ಒಂದೇ ಹೆಚ್ಚಿನ ಭಾರವನ್ನು ಹೊರುತ್ತದೆ. ಅದನ್ನು ಕಂಡು ಕನ್ನಡ ಬಡವೆಂದು ಭಾವಿಸಿ ಎಲ್ಲಕ್ಕೂ ‘ವೇಗವಾಗಿ ಓಡಿದನು’ ಎಂದು ಬರೆಯುವವರಿದ್ದಾರೆ. ಅವರು ಹುಡುಕಿದ ಜಾಗವೇ ಸರಿಯಲ್ಲ. ನಮ್ಮ ಸಿರಿ ಧಾತುವಿನ ಒಳಗಿಲ್ಲ, ಅದರ ಅಕ್ಕಪಕ್ಕದಲ್ಲಿದೆ. ಮಗು ಗುಡುಗುಡು ಓಡುತ್ತದೆ. ಹೆದರಿದವನು ಎದ್ದೆನೋ ಬಿದ್ದೆನೋ ಎಂದು ಓಡುತ್ತಾನೆ. ಹಲ್ಲಿ ಸರ್ರನೆ ಹಾಯುತ್ತದೆ. ಸಾಲ ಮಾಡಿದವನು ಕಂಬಿ ಕೀಳುತ್ತಾನೆ. ಜಾಣ ಕಾಲಿಗೆ ಬುದ್ಧಿ ಹೇಳುತ್ತಾನೆ. ಕುದುರೆಗೆ ನಾಗಾಲೋಟವಿದೆ. ‘ಹುಡುಗಿ ಓಡಿದಳು’ ಎಂಬುದಕ್ಕೂ ‘ಹುಡುಗಿ ಓಡಿಹೋದಳು’ ಎಂಬುದಕ್ಕೂ ಇರುವ ಅಂತರ ಎಷ್ಟೆಂಬುದನ್ನು ಅವಳ ತಂದೆಯನ್ನು ಕೇಳಬೇಕು! ನಮಗೆ ‘ಹೋಗು’ ಎಂಬ ಒಂದು ಸಹಾಯಕ ಸಾಕು.

ಆದುದರಿಂದ ಅನುವಾದಕನು ‘ಬೋಲ್ಟ್’ ಎಂಬುದಕ್ಕೆ ಕನ್ನಡವೇನೆಂದು ಕೇಳುವುದಕ್ಕೆ ಮೊದಲು ಇಲ್ಲಿ ಓಡುತ್ತಿರುವವನು ಯಾರು, ಅವನ ಹಿಂದೆ ಏನಿದೆ ಎಂದು ಕೇಳಿಕೊಳ್ಳಬೇಕು. ಉತ್ತರ ದೊರೆತರೆ ಮಾತು ತಾನಾಗಿ ಒದಗೀತು. ವಿದ್ಯಾರ್ಥಿಗಳಿಗೂ ಹೇಳಬೇಕಾದದ್ದು ಇಷ್ಟೆ: ಹುಡುಗ ಸುಮ್ಮನೆ ಓಡಿದ್ದರೆ ‘ರನ್’ ಎಂದೇ ಬರೆಯಿರಿ, ಹತ್ತು ಸಲ ಓಡಿದ್ದರೆ ಹತ್ತು ಸಲ ಬರೆಯಿರಿ. ಪುನರುಕ್ತಿಯಿಂದ ವಾಕ್ಯ ತುಸು ಸಪ್ಪೆಯಾಗಬಹುದು, ಆದರೆ ನಿರಪರಾಧಿಯೊಬ್ಬನನ್ನು ತಲೆಮರೆಸಿಕೊಂಡವನನ್ನಾಗಿ ಮಾಡಿದ ದೋಷ ನಿಮಗೆ ತಟ್ಟುವುದಿಲ್ಲ.